ಮಗುವಿನ ಹೆಸರು, ಹೆಸರಿನ ಮೂಲ
(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಸೊಲ್ಲಾಪುರದ ಸಿದ್ಧರಾಮೇಶ್ವರರ ಹೆಸರು ಗೊತ್ತಿಲ್ಲದವರು ಈ ಸೀಮೆಯಲ್ಲಿ ಯಾರೂ ಇಲ್ಲ. ಆದರೆ ತೊಟ್ಟಿಲಲ್ಲಿ ಅವರಿಗೆ ಇಟ್ಟ ಮೊದಲ ಹೆಸರು ಯಾವುದೆಂದು ಕೇಳಿದರೆ ಹೇಳುವವರು ಕಡಿಮೆ. ಸೊನ್ನಲಿಗೆಯ ಮುದ್ದುಗೌಡ ಮತ್ತು ಸುಗ್ಗವ್ವೆ ದಂಪತಿಗಳು ಮನೆದೇವರ ಹೆಸರು ಹಿಡಿದು ಮಗುವನ್ನು ಧೂಳಿಮಾಕಾಳ ಎಂದು ಕರೆದರು. ಆ ಮಗು ಹುಟ್ಟುವುದನ್ನು ರೇವಣಸಿದ್ಧರು ಮೊದಲೇ ನುಡಿದಿದ್ದರು. ಆಮೇಲೆ ಸಿದ್ಧರಾಮ ಎಂಬ ಹೆಸರು ನೆಲೆಗೊಂಡಿತು. ರಾಘವಾಂಕ ಕವಿಯ ಸಿದ್ಧರಾಮ ಚಾರಿತ್ರದಲ್ಲಿ ಈ ಕಥೆ ಇದೆ. ಮುಂದೆ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ, ಹಗಲಿರುಳು ಕೆರೆ ಕಟ್ಟಿಸುವುದರಲ್ಲೇ ಮುಳುಗಿದ್ದ ಇವರನ್ನು ಒಡ್ಡರಾಮ ಎಂದು ಕರೆದರೆಂದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮೂರೂ ಹೆಸರುಗಳಿಗೆ ಮೂಲ ಉಂಟು. ಧೂಳಿಮಾಕಾಳ ಮನೆತನ ಕೊಟ್ಟ ಹೆಸರು, ಸಿದ್ಧರಾಮ ಸಿದ್ಧರ ಪರಂಪರೆಯ ಹೆಸರು, ಒಡ್ಡರಾಮ ಮಾಡುತ್ತಿದ್ದ ಕೆಲಸದಿಂದ ಬಂದ ಹೆಸರು. ಆ ಕೆರೆಯ ನಡುವೆಯೇ ಇಂದಿಗೂ ಗುಡಿ ನಿಂತಿದೆ.

ಈಗ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಎಲ್ಲರೂ ಹುಡುಕುವುದು ಒಂದೇ, ಊರಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರು. ಅದರಲ್ಲಿ ತಪ್ಪೇನೂ ಇಲ್ಲ. ಧೂಳಿಮಾಕಾಳ ಎಂಬುದೇನು ಓಣಿಗೆ ಹತ್ತು ಮಂದಿ ಇರುವ ಹೆಸರೇ? ಆದರೆ ಆ ತಂದೆತಾಯಿಗಳಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿತ್ತು. ಇಂದು ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೇಳಿ ಬೆನ್ನಿಗೆ ಗುದ್ದು ತಿಂದು ಏಳುವಾಗ, ಹೆಸರಿನ ಅರ್ಥವೇನೆಂದು ಅಜ್ಜಿ ಕೇಳಿದರೆ, ಮೊಬೈಲಿನಲ್ಲಿ ಸಿಕ್ಕಿತು ಎಂಬ ಉತ್ತರ ಬರುತ್ತದೆ. ಕೇಳಲು ಚೆಂದವೆಂದು ಅನಾಮಿಕಾ ಎಂದು ಇಡುತ್ತಾರೆ. ಆ ಮಾತಿನ ಅರ್ಥ ಹೆಸರಿಲ್ಲದವಳು ಎಂದು! ಉಂಗುರ ಬೆರಳಿಗೂ ಅದೇ ಹೆಸರು. ಅಜ್ಜನ ಬಸಪ್ಪ ಎಂಬ ಹೆಸರು ಹಳ್ಳಿಯದೆಂದು ಬಿಟ್ಟು ಮೊಮ್ಮಗನಿಗೆ ರಿಷಭ ಎಂದು ಇಡುತ್ತಾರೆ. ವೃಷಭ ಎಂಬುದರ ತದ್ಭವವೇ ಬಸವ. ಋಷಭ ಎಂದರೂ ಎತ್ತೇ. ಬಿಟ್ಟೆವೆಂದುಕೊಂಡ ಅಜ್ಜನ ಹೆಸರು ಹೀಗೆ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬಂದಿರುತ್ತದೆ.

ಹಿಂದಿನವರ ಹೆಸರುಗಳನ್ನು ಒರಟು ಎಂದು ನಗುವ ಮೊದಲು ಸ್ವಲ್ಪ ವಿಚಾರಿಸಬೇಕು. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡ ಮನೆಯಲ್ಲಿ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು ಬರುತ್ತಿದ್ದರು. ಕಸದ ಕೂಸೆಂದು ಸಾವು ಇತ್ತ ಕಣ್ಣು ಹಾಕದಿರಲಿ ಎಂಬ ಆಸೆ. ಆ ಕೂಸು ತಿಪ್ಪಣ್ಣ, ತಿಪ್ಪವ್ವ ಆಯಿತು. ಎಷ್ಟು ಕಣ್ಣೀರು ಆ ಹೆಸರಿನ ಹಿಂದೆ! ಪೀರರಿಗೆ ಹರಕೆ ಹೊತ್ತವರ ಮನೆಯಲ್ಲಿ ಹುಸೇನಪ್ಪ, ಫಕೀರಪ್ಪ ಇದ್ದಾರೆ. ಮಾಳಪ್ಪ, ಮಾಳವ್ವ ಎಂದರೆ ಹುಲಜಂತಿಯ ಮಾಳಿಂಗರಾಯನಿಗೆ ನಡೆದುಕೊಳ್ಳುವ ಮನೆ ಎಂದು ಜನ ತಿಳಿಯುತ್ತಿದ್ದರು.

ಹಳೆಯದೆಲ್ಲ ಒಳ್ಳೆಯದೆಂದೂ ಅಲ್ಲ. ನೆರೆಯ ಸಾತಾರಾ ಜಿಲ್ಲೆಯಲ್ಲಿ ಗಂಡುಮಗು ಬಯಸಿದ ಮನೆಯವರು ಹೆಣ್ಣುಮಗುವಿಗೆ ನಕುಸಾ, ಅಂದರೆ ಬೇಡವಾದವಳು, ಎಂದು ಹೆಸರಿಟ್ಟಿದ್ದರು. 2011ರ ಅಕ್ಟೋಬರದಲ್ಲಿ ಅಲ್ಲಿಯ ಜಿಲ್ಲಾಡಳಿತ ಸಭೆ ಸೇರಿಸಿ ಅಂಥ 280ಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಡಿಸಿತು. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ಆ ಮಕ್ಕಳು ಆ ಮಾತಿಗೆ ಓಗೊಡಬೇಕಾಗಿತ್ತು.

ಪಂಚಾಂಗದ ಅಕ್ಷರವೇ ಬೇಕೆಂದು ಹಟ ಹಿಡಿಯುವವರೂ ಇದ್ದಾರೆ. ಅಶ್ವಿನಿಗೆ ಚು, ಚೆ, ಚೋ, ಲಾ, ಇದು ಸರಿ. ಆರಿದ್ರಾ ನಕ್ಷತ್ರದ ಮೂರನೆಯ ಪಾದದಲ್ಲಿ ಹುಟ್ಟಿದ ಮಗುವಿಗೆ ಬರುವ ಅಕ್ಷರ ಙ. ಅದರಿಂದ ಯಾರು ಏನು ಹೆಸರು ಕಟ್ಟಿಯಾರು? ಅದಕ್ಕೇ ಹಿರಿಯರು ಜನ್ಮನಾಮ ಬೇರೆ, ಕರೆಯುವ ಹೆಸರು ಬೇರೆ ಎಂದು ಮಾಡಿಕೊಂಡರು.

ಅಪರೂಪದ ಹೆಸರೇ ಬೇಕಾದರೆ ದೂರ ಹೋಗಬೇಕಾಗಿಲ್ಲ. ಸಿದ್ಧರಾಮರ ತಾಯಿಯನ್ನು ಸುಗ್ಗಲಾದೇವಿ ಎಂದೂ ಕರೆಯುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ರಾಣಿಗೂ ಇದೇ ಹೆಸರಿತ್ತು. ಸುಗ್ಗಲಾ ಎಂದು ಕರೆದರೆ ಕಿವಿಗೂ ಹಿತ, ಶಾಲೆಯಲ್ಲಿ ಇನ್ನೊಬ್ಬಳು ಇರಲಾರಳು. ಕಪಿಲಸಿದ್ಧ ಎಂಬುದು ಸಿದ್ಧರಾಮರ ವಚನಗಳ ಅಂಕಿತದಲ್ಲಿ ಬರುವ ಹೆಸರು. ಮುಕ್ತಾಯಕ್ಕ, ಸತ್ಯಕ್ಕ ಶರಣೆಯರು. ಇವುಗಳಿಂದ ಮುಕ್ತಾ, ಸತ್ಯಾ ಎಂದು ಚಿಕ್ಕದು ಮಾಡಿಕೊಂಡರೂ ಮೂಲ ಕೆಡುವುದಿಲ್ಲ.

ಇನ್ನು ಕಾಗದಪತ್ರದ ಮಾತು. ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಚೆನ್ನವ್ವ ದಾಖಲೆಯಲ್ಲಿ ಚನ್ನವ್ವ ಆಗುತ್ತಾಳೆ. ಒಬ್ಬನೇ ಹುಡುಗ ಒಂದು ಕಾಗದದಲ್ಲಿ ಸಿದ್ರಾಮ, ಇನ್ನೊಂದರಲ್ಲಿ ಸಿದ್ದಾರಾಮ, ಮತ್ತೊಂದರಲ್ಲಿ ಸಿದ್ಧಾರಾಮ ಆದರೆ ಮುಂದೆ ಅಲೆದಾಟ ತಪ್ಪದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ನಿಶ್ಚಯವಾಗದಿದ್ದರೆ ಅವಸರ ಬೇಡ. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೂ ಅವಕಾಶವಿದೆ. ಹೋಗುವಾಗ ಮರಾಠಿ, ಇಂಗ್ಲಿಷ್ ಎರಡರಲ್ಲೂ ಅಕ್ಷರ ಬಿಡಿಸಿ ಬರೆದ ಚೀಟಿ ಒಯ್ಯುವುದು ಒಳ್ಳೆಯದು.

2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರದ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ಬಂದಿದೆ. ಆದ್ದರಿಂದ ತಾಯಿಯ ಹೆಸರಿನ ಅಕ್ಷರವನ್ನೂ ಆಕೆಯ ಶಾಲೆಯ ದಾಖಲೆಗೆ ಹೋಲಿಸಿ ನೋಡಿಕೊಳ್ಳಬೇಕು. ಈ ಕ್ರಮದಲ್ಲಿ ಬರೆದರೆ ಸೊನ್ನಲಿಗೆಯ ಆ ಕೂಸಿನ ಹೆಸರು ಸಿದ್ಧರಾಮ ಸುಗ್ಗವ್ವೆ ಮುದ್ದುಗೌಡ ಎಂದಾಗುತ್ತದೆ.