ಬೇಲಿ ಸಾಲಿನ ಎಣ್ಣೆ, ಬ್ಯಾರನ್ನಿನ ಸೌದೆ

ಫೆಬ್ರುವರಿ ಮುಗಿದು ಮಾರ್ಚಿ ಕಾಲಿಡುವ ಹೊತ್ತಿಗೆ ಹಾಸನದಿಂದ ಚನ್ನರಾಯಪಟ್ಟಣದ ಕಡೆಗೋ ಹೊಳೆನರಸೀಪುರದ ಕಡೆಗೋ ಹೊರಟವರಿಗೆ ಹೊಂಗೆ ಮರಗಳ ಬುಡದಲ್ಲಿ ಒಣಗಿದ ಕಾಯಿ ಚೆಲ್ಲಿರುವುದು ಕಾಣುತ್ತದೆ. ಚಪ್ಪಟೆ ಕಾಯಿ, ಕಂದು ಬಣ್ಣ, ತುದಿಯಲ್ಲಿ ಸಣ್ಣ ಕೊಕ್ಕು. ಸುಲಿದರೆ ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಆ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಎಣ್ಣೆ. ಸೀಮೆಎಣ್ಣೆ ಬರುವ ಮುಂಚೆ ಹಳ್ಳಿಯ ದೀಪಗಳು ಉರಿಯುತ್ತಿದ್ದದ್ದು ಗಾಣದಿಂದ ಬಂದ ಇಂಥ ಎಣ್ಣೆಗಳಿಂದಲೇ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು, ಹಿಂಡಿ ತೋಟಕ್ಕೆ ಹೋಗುತ್ತಿತ್ತು, ನೆರಳು ದನಕ್ಕೂ ಮನುಷ್ಯರಿಗೂ ಸಲ್ಲುತ್ತಿತ್ತು. ಡೀಸೆಲ್ಲು, ಯೂರಿಯಾ ಬಂದ ಮೇಲೆ ಮರ ಉಳಿಯಿತು, ಬೀಜ ಆಯುವವರು ಕಡಿಮೆಯಾದರು.

ಆ ಬೀಜವನ್ನು ಮತ್ತೆ ಲೆಕ್ಕಕ್ಕೆ ತಂದದ್ದು ಒಂದು ವಿಶ್ವವಿದ್ಯಾಲಯ. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹಾಸನ ತಾಲ್ಲೂಕಿನ ಮಡೆನೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. ಸುತ್ತಲ ಜನರ ಬಾಯಲ್ಲಿ ಅದು ‘ಬಯೋ ಫ್ಯೂಯೆಲ್ ಪಾರ್ಕು’. ಈ ಕೆಲಸದ ಮುಂದಾಳತ್ವ ವಹಿಸಿದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾಲಕೃಷ್ಣ ಗೌಡ. ಆ ಕೇಂದ್ರದಲ್ಲಿ ಹೀಗೆ ಎಣ್ಣೆಮರಗಳ ಸಸಿಮಡಿ, ಬೀಜ ಅರೆಯುವ ಯಂತ್ರ, ಬಯೋಡೀಸೆಲ್ ತಯಾರಿಸುವ ಘಟಕ ಒಂದೊಂದಾಗಿ ಬಂದವು.

ಅದು ಜಟ್ರೋಪಾ ಜ್ವರದ ಕಾಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜಟ್ರೋಪಾವನ್ನು, ಅಂದರೆ ಬೇಲಿಯಲ್ಲಿ ಬೆಳೆಯುವ ಕಾಡು ಹರಳನ್ನು, ಲಕ್ಷಾಂತರ ಹೆಕ್ಟೇರಿನಲ್ಲಿ ಬೆಳೆಸುವ ಯೋಜನೆ ಮುಂದಿಟ್ಟಿತ್ತು. ನೀರು ಬೇಡ, ಗೊಬ್ಬರ ಬೇಡ, ಬರಡು ನೆಲವಿದ್ದರೆ ಸಾಕು ಎಂಬ ಮಾತು ಆಫ್ರಿಕದ ದೇಶಗಳಲ್ಲೂ ಓಡಾಡುತ್ತಿತ್ತು. ಕೆಲವೇ ವರ್ಷಗಳಲ್ಲಿ ನಿಜ ಗೊತ್ತಾಯಿತು. ಬರಡು ನೆಲದಲ್ಲಿ ಜಟ್ರೋಪಾ ಬದುಕುತ್ತದೆ, ಫಸಲು ಕೊಡುವುದಿಲ್ಲ. ಫಸಲು ಬೇಕೆಂದರೆ ನೀರು ಗೊಬ್ಬರ ಎರಡೂ ಬೇಕು. ಅವೆರಡೂ ಇರುವ ನೆಲದಲ್ಲಿ ರಾಗಿಯನ್ನೋ ಜೋಳವನ್ನೋ ಬಿಟ್ಟು ತಿನ್ನಲಾಗದ ಗಿಡವನ್ನು ಯಾವ ರೈತ ತಾನೇ ಹಾಕುತ್ತಾನೆ?

ಮಡೆನೂರಿನವರು ಹಿಡಿದ ದಾರಿ ಬೇರೆ. ಬೆಳೆ ಬರುವ ಹೊಲದ ಒಂದು ಗೇಣು ಜಾಗವನ್ನೂ ಇಂಧನಕ್ಕೆ ಕೇಳಬಾರದು, ಮರಗಳೇನಿದ್ದರೂ ಬದುವಿನ ಮೇಲೆ, ಬೇಲಿಯಲ್ಲಿ, ಹಿತ್ತಿಲಲ್ಲಿ, ಕೆರೆ ಅಂಗಳದ ಅಂಚಿನಲ್ಲಿ ಬರಬೇಕು ಎಂಬುದು ಅವರ ಮೊದಲ ನಿಯಮ. ಎರಡನೆಯದು, ಒಂದೇ ಜಾತಿಗೆ ಜೋತುಬೀಳಬಾರದು ಎಂಬುದು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ, ಬೇಲಿಗೆ ಜಟ್ರೋಪಾ, ಹೀಗೆ ಎಲ್ಲವನ್ನೂ ಬೆರೆಸಿ ಹಚ್ಚಿದರು. ಇದರ ಹಿಂದೆ ಗಟ್ಟಿಯಾದ ಲೆಕ್ಕವಿದೆ. ಹೊಂಗೆ ಬೀಜ ಬೇಸಿಗೆಯ ಆರಂಭದಲ್ಲಿ ಸಿಗುತ್ತದೆ, ಸಿಮರೂಬ ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣಾಗುತ್ತದೆ, ಬೇವು ಮತ್ತು ಹಿಪ್ಪೆ ಮುಂಗಾರು ಹಿಡಿಯುವ ಹೊತ್ತಿಗೆ ಉದುರುತ್ತವೆ, ಜಟ್ರೋಪಾ ಮಳೆಗಾಲ ಕಳೆದು ಬಲಿಯುತ್ತದೆ. ಒಂದೇ ಜಾತಿಯಾದರೆ ಎಣ್ಣೆ ಗಾಣ ವರ್ಷದಲ್ಲಿ ಎರಡು ತಿಂಗಳು ದುಡಿದು ಹತ್ತು ತಿಂಗಳು ತುಕ್ಕು ಹಿಡಿಯಬೇಕು. ಹಳ್ಳಿಗಳಲ್ಲಿ ರೈತರ ಜೈವಿಕ ಇಂಧನ ಸಂಘಗಳನ್ನು ಕಟ್ಟಿ, ಅವುಗಳ ಮೂಲಕ ಸಸಿ ಹಂಚುವುದು, ಬೀಜ ಕೊಳ್ಳುವುದು ಎಂಬ ಏರ್ಪಾಡೂ ಆಯಿತು. 2009ರಲ್ಲಿ ಕರ್ನಾಟಕ ತನ್ನದೇ ಜೈವಿಕ ಇಂಧನ ನೀತಿಯನ್ನು ತಂದಿತು. ವೈ.ಬಿ. ರಾಮಕೃಷ್ಣ ಅವರ ನೇತೃತ್ವದ ಕಾರ್ಯಪಡೆ ಮಾಡಿದ ಕೆಲಸ ಮುಂದೆ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿಯಾಗಿ ಬೆಳೆಯಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಯೋಜನೆಗಳ ಹೆಸರು ಹಳ್ಳಿಗಳವರೆಗೆ ಮುಟ್ಟಿದ್ದು ಆ ವರ್ಷಗಳಲ್ಲೇ.

ಹೊಂಗೆ ಎಣ್ಣೆಯಿಂದ ಎಂಜಿನ್ ಓಡಿಸುವುದು ಹಾಸನದಲ್ಲೇ ಹುಟ್ಟಿದ ವಿಚಾರವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದಲ್ಲೇ ಹೊಂಗೆ ಎಣ್ಣೆಯನ್ನು ಡೀಸೆಲ್ ಎಂಜಿನ್ನಿಗೆ ಹಾಕಿ ನೋಡಿದ್ದರು. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಆ ಎಣ್ಣೆಯಿಂದ ಜನರೇಟರ್ ನಡೆಸಿ ಹೊಲಕ್ಕೆ ನೀರೆತ್ತಿದ ಪ್ರಯೋಗ ಆಗ ದೇಶದ ಗಮನ ಸೆಳೆದಿತ್ತು. ಇನ್ನೂ ಹಿಂದೆ ಹೋದರೆ, ರುಡಾಲ್ಫ್ ಡೀಸೆಲ್ ಹೆಸರಿನ ಎಂಜಿನ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಆಗಸ್ಟ್ 10ರಂದು ಆಚರಿಸುವ ಜೈವಿಕ ಇಂಧನ ದಿನದ ಭಾಷಣಗಳಲ್ಲಿ 1893ರ ಆ ದಿನವೇ ಎಂಜಿನ್ ಕಡಲೆಕಾಯಿ ಎಣ್ಣೆ ಕುಡಿದಿತ್ತು ಎಂದು ಹೇಳುವುದುಂಟು. ಅದು ಸರಿಯಲ್ಲ. ಆ ದಿನ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಎಂಜಿನ್ನಿನೊಳಗೆ ಮೊದಲ ಸಲ ಇಂಧನ ಹೊತ್ತಿಕೊಂಡಿತು, ಕಡಲೆಕಾಯಿ ಎಣ್ಣೆಯ ಸರದಿ ಬಂದದ್ದು ಏಳು ವರ್ಷ ತಡವಾಗಿ.

ಗಾಣದ ಎಣ್ಣೆಯನ್ನು ನೇರವಾಗಿ ಎಂಜಿನ್ನಿಗೆ ಸುರಿಯಬಹುದಲ್ಲ, ಬಯೋಡೀಸೆಲ್ ಮಾಡುವ ಉಸಾಬರಿ ಏಕೆ ಎಂದು ಯಾರಿಗಾದರೂ ಅನ್ನಿಸೀತು. ಅಡ್ಡಿ ಇರುವುದು ಎಣ್ಣೆಯ ಜಿಗುಟಿನಲ್ಲಿ. ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಹಳೆಯ ಕಾಲದ ಪಂಪ್‌ಸೆಟ್ ಅದನ್ನು ಹೇಗೋ ಸಹಿಸಿಕೊಂಡೀತು. ಬಸ್ಸು, ಟ್ರ್ಯಾಕ್ಟರುಗಳ ಸೂಕ್ಷ್ಮ ಮೂತಿಯಲ್ಲಿ ಅದು ಸರಿಯಾಗಿ ಸಿಡಿಯುವುದಿಲ್ಲ, ಮಸಿ ಕಟ್ಟುತ್ತದೆ. ಆದ್ದರಿಂದ ಎಣ್ಣೆಯ ಅಣುವನ್ನೇ ಒಡೆಯಬೇಕು.

ಪ್ರಯೋಗಾಲಯದಲ್ಲಿ ಈ ಕೆಲಸ ನೋಡಲು ಚೆಂದ. ವಿದ್ಯಾರ್ಥಿ ಮೊದಲು ಎಣ್ಣೆಯ ಹುಳಿಯನ್ನು ಅಳೆಯುತ್ತಾನೆ. ಒಂದೆರಡು ಹನಿ ಫಿನಾಲ್ಫ್‌ಥಲೀನ್ ಹಾಕಿ, ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ತೆಳು ಗುಲಾಬಿ ಬಣ್ಣ ನಿಲ್ಲುವವರೆಗೆ ಕಾಯುತ್ತಾನೆ. ಮಳೆಯಲ್ಲಿ ನೆನೆದ, ಗೋಣಿಯಲ್ಲಿ ಬೂಸಲು ಹಿಡಿದ ಬೀಜದ ಎಣ್ಣೆಯಲ್ಲಿ ಹುಳಿ ಹೆಚ್ಚು. ಅದಕ್ಕೆ ನೇರವಾಗಿ ಕ್ಷಾರ ಹಾಕಿದರೆ ಬಯೋಡೀಸೆಲ್ ಬದಲು ಸಾಬೂನು ಆಗುತ್ತದೆ. ಹಾಗಾಗಿ ಅಂಥ ಎಣ್ಣೆಗೆ ಮೊದಲು ಆಮ್ಲದ ಸಂಸ್ಕಾರ. ಆಮೇಲೆ ಕ್ಷಾರ ಕರಗಿಸಿದ ಮೆಥನಾಲ್ ಬೆರೆಸಿ 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಂದೆರಡು ಗಂಟೆ ಕಲಕಬೇಕು. ಕಲಕುವುದನ್ನು ನಿಲ್ಲಿಸಿ ಆಲಿಕೆಯಾಕಾರದ ಗಾಜಿನ ಪಾತ್ರೆಯಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಎರಡು ಪದರ ಬೇರೆಯಾಗುತ್ತದೆ. ಕೆಳಗೆ ಕಡು ಕಂದು ಬಣ್ಣದ ಗ್ಲಿಸರಿನ್, ಮೇಲೆ ಹೊಂಬಣ್ಣದ ಬಯೋಡೀಸೆಲ್. ಕೆಳಗಿನ ತಿರುಪು ತೆರೆದು ಗ್ಲಿಸರಿನ್ ಇಳಿಸಿ, ಉಳಿದದ್ದನ್ನು ಬಿಸಿನೀರಿನಲ್ಲಿ ತೊಳೆದು, ನೀರಿನಂಶ ಹೋಗುವಂತೆ ಕಾಯಿಸಿದರೆ ಇಂಧನ ಸಿದ್ಧ. ಮೆಥನಾಲ್ ವಿಷ ಮತ್ತು ಬೇಗ ಬೆಂಕಿ ಹಿಡಿಯುವಂಥದ್ದು, ಆದ್ದರಿಂದ ಮನೆಯ ಹಿತ್ತಿಲಲ್ಲಿ ಮಾಡಿ ನೋಡುವ ಕೆಲಸ ಇದಲ್ಲ.

ವಿಜ್ಞಾನ ಇಲ್ಲಿಗೆ ಸಲೀಸು. ಕಷ್ಟವೆಲ್ಲ ಇರುವುದು ಮರದ ಬುಡದಲ್ಲಿ. ಒಂದು ಲೀಟರ್ ಹೊಂಗೆ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕು. ಒಂದು ಕಿಲೋ ಬೀಜಕ್ಕೆ ಸುಮಾರು ಸಾವಿರ ಕಾಯಿ ಸುಲಿಯಬೇಕು. ಬದುವಿನಲ್ಲಿ ಹತ್ತು ಮರವಿರುವ ರೈತನಿಗೆ ಮರಕ್ಕೆ 15 ಕಿಲೋದಂತೆ 150 ಕಿಲೋ ಬೀಜ ಸಿಕ್ಕಿತು ಎನ್ನೋಣ. ಅದರಿಂದ ಬರುವ 37 ಲೀಟರ್ ಎಣ್ಣೆಗೆ ಒಂದೂವರೆ ಲಕ್ಷ ಕಾಯಿಯನ್ನು ಆಯ್ದು, ಒಣಗಿಸಿ, ಬಡಿದು, ಕೇರಬೇಕು. ಈ ಕೆಲಸ ಬಹುಮಟ್ಟಿಗೆ ಹೆಂಗಸರದು. ಕೂಲಿ ಏರಿದಂತೆ ಬೀಜದ ಬೆಲೆ ಏರಲಿಲ್ಲ. 2014ರ ನಡುವೆ ಪೀಪಾಯಿಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಕುಸಿಯಿತು. ಡೀಸೆಲ್ಲಿನೊಂದಿಗೆ ಬೆಲೆಯಲ್ಲಿ ಸೆಣಸಬೇಕಾದ ಹೊಂಗೆ ಎಣ್ಣೆಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ. ಸಸಿ ನೆಟ್ಟವರು ಬಹಳ, ಬೀಜ ತಂದುಕೊಟ್ಟವರು ಕಡಿಮೆ ಎಂಬ ಸ್ಥಿತಿಗೆ ಇದೇ ಕಾರಣ.

ಹಾಗೆಂದು ಈ ಪ್ರಯೋಗ ಸೋತಿತು ಎನ್ನುವುದು ಅನ್ಯಾಯ. ಲೀಟರಿನಲ್ಲಿ ಮಾತ್ರ ಅಳೆದದ್ದೇ ತಪ್ಪು. ನಾಲ್ಕು ಕಿಲೋ ಬೀಜದಿಂದ ಒಂದು ಲೀಟರ್ ಎಣ್ಣೆಯ ಜೊತೆ ಮೂರು ಕಿಲೋದಷ್ಟು ಹಿಂಡಿಯೂ ಸಿಗುತ್ತದೆ. ಹೊಂಗೆ ಹಿಂಡಿಯಲ್ಲಿ ಸಾರಜನಕವಿದೆ. ಅದರಲ್ಲಿರುವ ಕರಂಜಿನ್ ಎಂಬ ಅಂಶ ಮಣ್ಣಿನಲ್ಲಿ ಸಾರಜನಕ ಬೇಗ ಸೋರಿಹೋಗದಂತೆ ತಡೆಯುತ್ತದೆ. ತೆಂಗಿಗೆ, ಶುಂಠಿಗೆ, ಕಾಫಿಗೆ ಹಿಂಡಿಯನ್ನು ದುಡ್ಡು ಕೊಟ್ಟು ತರಿಸುವ ರೈತರು ಇದೇ ಜಿಲ್ಲೆಯಲ್ಲಿದ್ದಾರೆ. ಹಿಂಡಿಯನ್ನು ಸಗಣಿಯೊಂದಿಗೆ ಬೆರೆಸಿ ಗೋಬರ್ ಗ್ಯಾಸ್ ಗುಂಡಿಗೆ ಹಾಕಿದರೆ ಅನಿಲವೂ ಬರುತ್ತದೆ, ಬಗ್ಗಡ ಗೊಬ್ಬರವಾಗಿ ಉಳಿಯುತ್ತದೆ. ಗ್ಲಿಸರಿನ್ ಸಾಬೂನಿಗೆ ಆಗುತ್ತದೆ. ಜೈವಿಕ ಆರ್ಥಿಕತೆ ಎಂದು ಈಗ ಕರೆಯುವುದು ಇದನ್ನೇ: ಒಂದು ಬೀಜದಿಂದ ಬರುವ ಪ್ರತಿ ಪಾಲಿಗೂ ಕೊಳ್ಳುವವರಿರಬೇಕು, ಆ ದುಡ್ಡಿನ ಹೆಚ್ಚಿನ ಭಾಗ ಊರಿನಲ್ಲೇ ನಿಲ್ಲಬೇಕು. ಎಣ್ಣೆಯೊಂದರ ಬೆಲೆ ನೋಡಿ ಕೈಬಿಟ್ಟವರು ಹಿಂಡಿಯ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬೇಕು. ಊರಿಗೊಂದು ಕಾಯಿ ಸುಲಿಯುವ ಯಂತ್ರವಿದ್ದರೆ ಆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು.

ಇಂಧನವೆಂದರೆ ಎಂಜಿನ್ನಿಗೆ ಹಾಕುವ ಎಣ್ಣೆ ಮಾತ್ರ ಎಂಬ ಭಾವನೆಯನ್ನು ಬಿಟ್ಟರೆ ಇದೇ ಜಿಲ್ಲೆಯಲ್ಲಿ ಇನ್ನೂ ದೊಡ್ಡ ಪಾಠಶಾಲೆಗಳಿವೆ. ಚನ್ನರಾಯಪಟ್ಟಣ ತೆಂಗಿನ ಸೀಮೆ. ಒಂದು ಕಾಯಿಯಲ್ಲಿ ಕೊಬ್ಬರಿಗಿಂತ ಹೆಚ್ಚು ತೂಗುವುದು ಮಟ್ಟೆ ಮತ್ತು ಚಿಪ್ಪು. ಮಟ್ಟೆ ನಾರಾಗುತ್ತದೆ. ಚಿಪ್ಪನ್ನು ಗಾಳಿ ಕಡಿಮೆ ಮಾಡಿ ಸುಟ್ಟರೆ ಗಟ್ಟಿ ಇದ್ದಿಲು, ಅದನ್ನು ಇನ್ನಷ್ಟು ಸಂಸ್ಕರಿಸಿದರೆ ನೀರು ಶುದ್ಧ ಮಾಡುವ ಕ್ರಿಯಾಶೀಲ ಇದ್ದಿಲು. ಚಿಪ್ಪನ್ನು ಅನಿಲವಾಗಿಸಿ ಎಂಜಿನ್ ನಡೆಸುವ ಗ್ಯಾಸಿಫೈಯರ್‌ಗಳ ಬಗ್ಗೆ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕೆಲಸ ನಡೆದಿದೆ. ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಶ್ರೀನಿವಾಸಪುರದಲ್ಲಿ ಹೇಮಾವತಿ ಸಕ್ಕರೆ ಕಾರ್ಖಾನೆಯಿದೆ. ಒಂದು ಟನ್ ಕಬ್ಬು ಅರೆದರೆ 300 ಕಿಲೋ ಹತ್ತಿರದ ಹಸಿ ಸಿಪ್ಪೆ ಉಳಿಯುತ್ತದೆ, 40 ಕಿಲೋದಷ್ಟು ಕಾಕಂಬಿ ಬರುತ್ತದೆ. ಪೆಟ್ರೋಲಿನಲ್ಲಿ ಬೆರೆಸುವ ಎಥನಾಲಿನ ಒಂದು ಮೂಲ ಈ ಕಾಕಂಬಿಯೇ. ಹೈನುಗಾರಿಕೆಯಂತೂ ಎಲ್ಲ ತಾಲ್ಲೂಕುಗಳಲ್ಲಿದೆ. ನಾಲ್ಕೈದು ದನಗಳ ಸಗಣಿ ಒಂದು ಸಂಸಾರದ ಅಡುಗೆ ಒಲೆಗೆ ಸಾಲುತ್ತದೆ.

ಇವೆಲ್ಲಕ್ಕಿಂತ ತುರ್ತಾದದ್ದು ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬ್ಯಾರನ್ನು, ಅಂದರೆ ಎಲೆಯನ್ನು ಶಾಖದಲ್ಲಿ ಹದಮಾಡುವ ಮನೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಸುತ್ತಲ ರೈತರು ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಕಿತ್ತ ಹಸಿರೆಲೆಯನ್ನು ಕೋಲಿಗೆ ಕಟ್ಟಿ, ಎತ್ತರದ ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಬಿಸಿ ತಗಡಿನ ಕೊಳವೆಗಳಲ್ಲಿ ಹಾಯ್ದು ಒಳಗನ್ನು ಕಾಯಿಸುತ್ತದೆ, ಹೊಗೆ ಎಲೆಗೆ ತಾಗದೆ ಹೊರಹೋಗುತ್ತದೆ. ಮೊದಲು ಹಗುರ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕಡೆಗೆ 70 ಡಿಗ್ರಿವರೆಗೆ ಏರಿಸಿ ನಡುದಂಟು ಒಣಗಿಸಬೇಕು. ಒಂದು ಬೇಯಿಸುವಿಕೆಗೆ ಐದಾರು ದಿನ. ಆ ರಾತ್ರಿಗಳಲ್ಲಿ ಮನೆಯವರು ಸರದಿಯ ಮೇಲೆ ಎದ್ದು ಥರ್ಮಾಮೀಟರ್ ನೋಡುತ್ತಾರೆ. ಶಾಖ ಜಾರಿದರೂ ಜಾಸ್ತಿಯಾದರೂ ಎಲೆಯ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬೀಳುತ್ತದೆ. ಒಂದು ಕಿಲೋ ಹದವಾದ ಸೊಪ್ಪಿಗೆ ಹಲವು ಕಿಲೋ ಸೌದೆ ಬೂದಿಯಾಗುತ್ತದೆ. ಹೊಗೆಸೊಪ್ಪು ಆರೋಗ್ಯಕ್ಕೆ ಕೇಡು, ಬೇರೆ ಬೆಳೆಗೆ ರೈತರು ಹೊರಳಬೇಕು ಎಂಬುದು ನಿಜ. ಅವರು ಹೊರಳುವವರೆಗೆ ಕಾಡು ಮತ್ತು ತೋಟದ ಮರಗಳು ಈ ಒಲೆಗೆ ಹೋಗುತ್ತಲೇ ಇರುತ್ತವೆ ಎಂಬುದೂ ಅಷ್ಟೇ ನಿಜ.

ಇಲ್ಲಿ ದೊಡ್ಡ ಯಂತ್ರವೇನೂ ಬೇಡ. ಬ್ಯಾರನ್ನಿನ ಬಿಸಿ ಬಹಳಷ್ಟು ಸೋರುವುದು ಮಾಡಿನಿಂದ ಮತ್ತು ಗೋಡೆಯ ಬಿರುಕಿನಿಂದ. ಮಾಡಿಗೆ ಶಾಖ ತಡೆಯುವ ಹೊದಿಕೆ, ಒಲೆಗೆ ಗಾಳಿ ಸರಿಯಾಗಿ ಆಡುವ ಕಂಬಿತಳ, ಒಣಗಿದ ಸೌದೆ, ಇಷ್ಟರಿಂದಲೇ ಉರುವಲು ಗಣನೀಯವಾಗಿ ಉಳಿಯುತ್ತದೆ. ಕಾಫಿ ಸಿಪ್ಪೆಯಂಥ ತ್ಯಾಜ್ಯವನ್ನು ಇಟ್ಟಿಗೆಯಂತೆ ಒತ್ತಿ ಉರಿಸಬಹುದು. ಸಕಲೇಶಪುರದ ಕಾಫಿ ತೋಟಗಳು ದೂರದಲ್ಲೇನೂ ಇಲ್ಲ.

ಇದನ್ನೆಲ್ಲ ಅಳೆದು, ಹಳ್ಳಿಗೆ ಒಪ್ಪಿಸುವವರು ಯಾರು? ಹಾಸನದ ಹತ್ತಿರ ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ನಗರದಲ್ಲಿ 1960ರಲ್ಲಿ ಸ್ಥಾಪನೆಯಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಹೇಮಗಂಗೋತ್ರಿ ವಿದ್ಯಾ ಆವರಣದಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ತಿಂಗಳುಗಟ್ಟಲೆ ಹಳ್ಳಿಯಲ್ಲೇ ಉಳಿಯುವ ಪದ್ಧತಿ ಈಗಾಗಲೇ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಲೆಯ ಲೆಕ್ಕ ಗೊತ್ತು, ಕೃಷಿ ವಿದ್ಯಾರ್ಥಿಗೆ ಎಲೆಯ ಹದ ಗೊತ್ತು, ಅರ್ಥಶಾಸ್ತ್ರದವರಿಗೆ ಕೂಲಿ ಮತ್ತು ಬೆಲೆಯ ಲೆಕ್ಕ ಗೊತ್ತು. ಈ ಮೂವರನ್ನು ಒಂದೇ ಬ್ಯಾರನ್ನಿನ ಮುಂದೆ ಒಂದು ಬೇಯಿಸುವಿಕೆ ಮುಗಿಯುವವರೆಗೆ ಕೂರಿಸುವುದು ಯಾವ ಪಠ್ಯಕ್ರಮಕ್ಕೂ ಭಾರವಾಗದು. ಒಟ್ಟಿದ ಸೌದೆಯ ತೂಕ, ಅದರ ತೇವ, ಗಂಟೆಗೊಮ್ಮೆ ಒಳಗಿನ ಮತ್ತು ಮಾಡಿನ ಮೇಲಿನ ಶಾಖ, ಕಡೆಗೆ ಹರಾಜಿನಲ್ಲಿ ಆ ಸೊಪ್ಪಿಗೆ ಸಿಕ್ಕ ದರ, ಇಷ್ಟನ್ನು ಬರೆದಿಟ್ಟರೆ ಪಕ್ಕದ ಮನೆಯ ರೈತನೂ ಓದಿ ನಂಬಬಹುದಾದ ವರದಿಯಾಗುತ್ತದೆ. ಮುಂಗಾರಿನಲ್ಲಿ ನಾಟಿಯಾದ ಸೊಪ್ಪು ಜುಲೈ ಹೊತ್ತಿಗೆ ಬ್ಯಾರನ್ನಿಗೆ ಬರತೊಡಗುತ್ತದೆ, ಬೇಯಿಸುವ ಕೆಲಸ ಸೆಪ್ಟೆಂಬರ್‌ವರೆಗೂ ನಡೆಯುತ್ತದೆ. ಅಷ್ಟರೊಳಗೆ ತಕ್ಕಡಿ ಮತ್ತು ಥರ್ಮಾಮೀಟರ್ ಹಿಡಿದು ಹೊರಡುವ ತಂಡಕ್ಕೆ ರಾಮನಾಥಪುರ, ಕೊಣನೂರಿನ ಸುತ್ತಮುತ್ತ ಬೇಕಾದಷ್ಟು ಒಲೆಗಳು ಸಿಗುತ್ತವೆ.