ಓಕುಳಿಯ ಬಣ್ಣ, ಉಣ್ಣೆಯ ಬಣ್ಣ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡದ ಕೈಗಳು ಈ ಸಭೆಯಲ್ಲಿ ವಿರಳ. ಹಳದಿ ನೀರು ಕ್ಷಣಮಾತ್ರದಲ್ಲಿ ಕೆಂಪಾಗುವ ಸೋಜಿಗವನ್ನು ನಾವೆಲ್ಲ ಬಾಲ್ಯದಿಂದ ಕಂಡವರು. ಆದರೆ ಆ ಕೆಂಪು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಅರಿಶಿನದ ಹಳದಿಯೂ ಬಿಸಿಲಿಗೆ ಬೇಗ ಮಾಸುತ್ತದೆ. ಬಣ್ಣ ಬರಿಸುವುದು ಒಂದು ವಿದ್ಯೆ, ಬಂದ ಬಣ್ಣವನ್ನು ನಿಲ್ಲಿಸುವುದು ಇನ್ನೊಂದು. ಈ ಎರಡನೆಯ ವಿದ್ಯೆಯನ್ನು ಕುರಿತು, ನನ್ನ ಅಡುಗೆಮನೆಯ ಅನುಭವದಿಂದ ನಾಲ್ಕು ಮಾತು ಹೇಳಬಯಸುತ್ತೇನೆ.

ಮದುವೆಯಾಗಿ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ನೆರೆಮನೆಯ ಪಂಜಾಬಿ ಹೆಂಗಸರು ಬಿಸಿಲಿಗೆ ಕುಳಿತು ನನಗೆ ಸ್ವೆಟರ್ ಹೆಣೆಯಲು ಕಲಿಸಿದರು. ಅದಕ್ಕೆ ಮುನ್ನ ಉಣ್ಣೆಯೆಂದರೆ ನನಗೆ ಕುರುಬರು ನೇಯ್ದ ಕರಿಯ ಕಂಬಳಿ ಮಾತ್ರ. ಆ ಕಪ್ಪು ಕುರಿಯ ಮೈಬಣ್ಣವೇ ಆದ್ದರಿಂದ ಅದಕ್ಕೆ ಬಣ್ಣ ಹಾಕುವ ಪ್ರಮೇಯವೇ ಇರಲಿಲ್ಲ. ಬಿಳಿಯ ಉಣ್ಣೆಗೆ ಮನೆಯಲ್ಲಿಯೇ ಬಣ್ಣ ಕೊಡಬಹುದೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಇಗೋ, ನನ್ನ ಕೈಯಲ್ಲಿ ಎರಡು ಲಡಿಗಳಿವೆ. ಒಂದು ಹೊಂಬಣ್ಣದ್ದು, ಇನ್ನೊಂದು ಹಸಿರು ಛಾಯೆಯ ಕಂದು. ಎರಡಕ್ಕೂ ಮೂಲ ನಾವು ದಿನವೂ ಕಸದ ಬುಟ್ಟಿಗೆ ಹಾಕುವ ಈರುಳ್ಳಿ ಸಿಪ್ಪೆ. ವಿಧಾನ ಸರಳ. ೧೦೦ ಗ್ರಾಂ ಉಣ್ಣೆಯನ್ನು ಅಂಟುವಾಳದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ೧೨ ಗ್ರಾಂ ಪಟಿಕವನ್ನು ಕರಗಿಸಿದ ನೀರಿನಲ್ಲಿ ಲಡಿಯನ್ನು ಮುಳುಗಿಸಿ, ನಿಧಾನವಾಗಿ ಬಿಸಿಯೇರಿಸಿ, ಕುದಿ ಬರಲು ಬಿಡದೆ ಒಂದು ಗಂಟೆ ಇಡಬೇಕು. ಬಳಿಕ, ೫೦ ಗ್ರಾಂ ಒಣ ಸಿಪ್ಪೆಯನ್ನು ಕುದಿಸಿ ಸೋಸಿದ ರಸ ತಣಿದ ಮೇಲೆ ಅದರಲ್ಲಿ ಹಾಕಿ ಹಾಗೆಯೇ ಬಿಸಿ ಮಾಡಬೇಕು. ಪಾತ್ರೆಯಲ್ಲಿಯೇ ಆರಲು ಬಿಡಬೇಕು. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿ ಹಿಂಡಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ನನ್ನ ಮೊದಲ ಲಡಿ ಹಾಗೆಯೇ ಹಾಳಾಯಿತು. ಇದಿಷ್ಟಕ್ಕೆ ಹೊಂಬಣ್ಣ ಬರುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ವಾರ ಕೊಳೆಹಾಕಿ, ಆ ನೀರನ್ನು ತುಸುವೇ ಬೆರೆಸಿ ಅದ್ದಿದರೆ ಎರಡನೆಯ ಬಣ್ಣ. ಕಬ್ಬಿಣ ಹೆಚ್ಚಾದರೆ ಎಳೆ ಒರಟಾಗುತ್ತದೆ.

ಇಲ್ಲಿ ನಿಜವಾದ ಕೆಲಸ ಮಾಡುವುದು ಪಟಿಕ. ಅದು ಬಣ್ಣವನ್ನು ಎಳೆಗೆ ಕಟ್ಟಿಹಾಕುತ್ತದೆ. ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯ. ಪಟಿಕವನ್ನು ಸುಲಭವಾಗಿ ಹಿಡಿದುಕೊಳ್ಳುತ್ತವೆ. ಹತ್ತಿ ಹಾಗಲ್ಲ. ಅದನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಅದರ ಒಗರನ್ನು ಕುಡಿಸಿ, ಆಮೇಲೆ ಪಟಿಕಕ್ಕೆ ಹಾಕಬೇಕು. ಮಲೆನಾಡಿನಿಂದ ಬಂದವರಿಗೆ ಅಡಿಕೆ ಬೇಯಿಸಿದ ಚೊಗರು ಗೊತ್ತು. ಅದರಲ್ಲಿಯೂ ಅದೇ ಒಗರಿದೆ. ಹೆಗ್ಗೋಡಿನ ಸಮೀಪ ಭೀಮನಕೋಣೆಯ ‘ಚರಕ’ ಸಂಸ್ಥೆಯ ಮಹಿಳೆಯರು ಅದೇ ಚೊಗರಿನಿಂದ ಕೈಮಗ್ಗದ ಹತ್ತಿಗೆ ಬಣ್ಣ ಕೊಟ್ಟು ಜೀವನೋಪಾಯ ಕಂಡುಕೊಂಡಿದ್ದಾರೆ.

ಹಾಗೆಂದು ‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗುವುದು ಬೇಡ. ಮೈಲುತುತ್ತ ಹಾಕಿದರೂ ಬಣ್ಣ ನಿಲ್ಲುತ್ತದೆ, ಆದರೆ ಅದು ವಿಷ. ಬಣ್ಣದ ಪಾತ್ರೆಯಲ್ಲಿ ಅಡುಗೆಯನ್ನಂತೂ ಎಂದಿಗೂ ಮಾಡಬಾರದು. ಇದಕ್ಕಿಂತ ದೊಡ್ಡ ವಿಷ ಚರಿತ್ರೆಯಲ್ಲಿದೆ. ನೀಲಿಯೂ ಗಿಡದ ಬಣ್ಣವೇ. ಅದನ್ನು ಬಲವಂತದಿಂದ ಬೆಳೆಸಿದ ತೋಟದೊರೆಗಳ ವಿರುದ್ಧ ೧೮೫೯ರಲ್ಲಿ ಬಂಗಾಳದ ರೈತರು ದಂಗೆಯೆದ್ದರು. ಬಿಹಾರದ ಚಂಪಾರಣ್ಯದಲ್ಲಿ ಇಪ್ಪತ್ತು ಪಾಲು ನೆಲದಲ್ಲಿ ಮೂರು ಪಾಲಿಗೆ ನೀಲಿ ಬೆಳೆಯಲೇಬೇಕೆಂಬ ಕಟ್ಟಳೆಯಿತ್ತು. ೧೮೯೭ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಗಿಡದ ನೀಲಿಯ ಬೆಲೆ ಕುಸಿದಾಗ, ತೋಟದೊರೆಗಳು ಆ ನಷ್ಟವನ್ನೂ ಗೇಣಿಯ ರೂಪದಲ್ಲಿ ರೈತನ ತಲೆಗೇ ಕಟ್ಟಿದರು. ೧೯೧೭ರಲ್ಲಿ ಗಾಂಧೀಜಿ ಅಲ್ಲಿಗೆ ಹೋದದ್ದು ಈ ಕಾರಣದಿಂದ. ಬಣ್ಣ ಗಿಡದ್ದೋ ಕಾರ್ಖಾನೆಯದ್ದೋ ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು, ಅದು ಯಾರ ದುಡಿಮೆ, ಯಾರ ಲಾಭ ಎಂಬ ಪ್ರಶ್ನೆ. ಇಂದು ಇಂತಹ ಬಟ್ಟೆ ಉಳ್ಳವರ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವಾಗಲೂ ಈ ಪ್ರಶ್ನೆಯನ್ನು ಕೇಳಲೇಬೇಕು.

ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ‘ನೀಲಗಾರ’ ಎಂಬ ಅಡ್ಡಹೆಸರಿನ ಮನೆಯೊಂದಿತ್ತು. ನಾನು ಕಂಡಾಗ ಅವರದು ಕಿರಾಣಿ ಅಂಗಡಿ. ನೀಲಿ ಕಟ್ಟುತ್ತಿದ್ದ ಹಿರಿಯರನ್ನು ಬಲ್ಲ ನಮ್ಮ ಅಜ್ಜಿ ಆ ಕಸುಬಿನ ವಿಷಯ ಹೇಳಲು ತೊಡಗಿದರೆ, ಪರೀಕ್ಷೆಯ ಓದಿದೆಯೆಂದು ನಾನು ಎದ್ದುಹೋಗುತ್ತಿದ್ದೆ. ಮುಂದೆ ಕೇಳಬೇಕೆನಿಸಿದಾಗ ಅಜ್ಜಿ ಇರಲಿಲ್ಲ. ಕಸುಬು ಹೋಯಿತು, ಅದರೊಡನೆ ಅದರ ನುಡಿಗಟ್ಟೂ ಹೋಯಿತು, ಉಳಿದದ್ದು ಅಡ್ಡಹೆಸರೊಂದೇ. ನೀಲಿಯ ಬಾನಿಯ ಹದವನ್ನು ಅವರು ಯಾವ ಮಾತಿನಲ್ಲಿ ಹೇಳುತ್ತಿದ್ದರೆಂಬುದು ಇಂದಿಗೂ ನನಗೆ ತಿಳಿಯದು. ಪಟಿಕ, ಅಳಲೆ, ಚೊಗರು, ಒಗರು, ಅಂಟುವಾಳ: ಇಷ್ಟು ಮಾತುಗಳಾದರೂ ನನ್ನ ಮಗಳ ಬಾಯಲ್ಲಿ ಇರುವುದು ಅವಳು ನನ್ನೊಡನೆ ಲಡಿ ಅದ್ದಿದ್ದರಿಂದ. ಶಬ್ದಕೋಶ ಕೊಟ್ಟು ಕಲಿಸಿದ್ದರೆ ಅವು ನಿಲ್ಲುತ್ತಿರಲಿಲ್ಲ.

ಹೊರನಾಡಿನಲ್ಲಿರುವ ನಾವು ನವೆಂಬರ್ ಬಂದೊಡನೆ ಅರಿಶಿನ ಕುಂಕುಮದ ಬಾವುಟ ಏರಿಸುತ್ತೇವೆ. ಅದು ಸಂತೋಷವೇ. ಆದರೆ ಹಬ್ಬದ ದಿನ ಎರಚಿದ ಬಣ್ಣ ಓಕುಳಿಯಂತೆ ಮಾಸುತ್ತದೆ. ನುಡಿಯನ್ನು ಮಕ್ಕಳಲ್ಲಿ ನಿಲ್ಲಿಸಬಲ್ಲದ್ದು ಅವರ ಜೊತೆ ಕುಳಿತು ಕನ್ನಡದಲ್ಲಿಯೇ ಮಾಡುವ ಕೆಲಸ. ಅದೇ ನಮ್ಮ ಪಟಿಕ.

ಈ ಚಳಿಗಾಲದಲ್ಲಿ ನಿಮ್ಮ ಮನೆಯ ಈರುಳ್ಳಿ ಸಿಪ್ಪೆಯನ್ನು ಎಸೆಯಬೇಡಿ. ಒಂದು ಚೀಲದಲ್ಲಿ ಕೂಡಿಡಿ. ಸಂಘದ ಹಿತ್ತಿಲಿನಲ್ಲಿ ಒಲೆ ಹೂಡಲು ಅಧ್ಯಕ್ಷರು ಒಪ್ಪಿದರೆ, ಪಾತ್ರೆ ನಾನು ತರುತ್ತೇನೆ. ಮಕ್ಕಳನ್ನು ನೀವು ಕರೆತನ್ನಿ.