ಚಿತ್ರ ಮಾರುವ ಮುನ್ನ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ನೀವೆಲ್ಲರೂ ಕೇಳಿರುತ್ತೀರಿ. ಮಳವಳ್ಳಿ ಕಡೆಯ ನನ್ನ ಹಳೆಯ ಶಿಷ್ಯನೊಬ್ಬ ಒಂದು ಸಂಜೆ ಮನೆಗೆ ಬಂದು ಕುಳಿತಾಗ ನನಗೆ ಅದೇ ಗಾದೆ ನೆನಪಾಯಿತು.

"ಮೇಷ್ಟ್ರೇ, ಫೋಟೋ ತೆಗೆದು ಇಂಟರ್ನೆಟ್ಟಲ್ಲಿ ಮಾರಿದ್ರೆ ತಿಂಗಳಿಗೆ ಲಕ್ಷ ಬರುತ್ತಂತೆ. ಅರವತ್ತು ಸಾವಿರದ್ದು ಒಂದು ಕ್ಯಾಮರಾ ನೋಡಿದ್ದೀನಿ. ನಮ್ಮಪ್ಪ ಕರೆಯೋ ಹಸು ಮಾರ್ತೀನಿ ಅಂತವ್ರೆ. ನೀವೇನಂತೀರಿ?" ಎಂದ.

ವ್ಯಾಕರಣ, ಛಂದಸ್ಸು ಕೇಳಿದ್ದರೆ ಕೂಡಲೇ ಉತ್ತರ ಹೇಳುತ್ತಿದ್ದೆ. ಇದು ಮನೆಯ ಹಸು ಹೋಗುವ ಮಾತು. "ಎರಡು ವಾರ ತಡೆಯಪ್ಪ" ಎಂದು ಹೇಳಿ ಕಳುಹಿಸಿ, ತಿಳಿದವರಲ್ಲಿ ವಿಚಾರಿಸಿ, ಕರಾರುಗಳನ್ನು ಓದಿಸಿಕೊಂಡೆ. ಹಾಗೆ ತಿಳಿದುದನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಮನೆಯಲ್ಲಿಯೂ ಇಂಥ ಹುಡುಗನೊಬ್ಬ ಇರಬಹುದು.

ಪತ್ರಿಕೆ, ಪುಸ್ತಕ, ಜಾಹೀರಾತು ಇವುಗಳನ್ನು ಸಿದ್ಧಪಡಿಸುವವರಿಗೆ ದಿನವೂ ಚಿತ್ರಗಳು ಬೇಕು. ಪ್ರತಿಯೊಂದಕ್ಕೂ ಛಾಯಾಗ್ರಾಹಕನನ್ನು ಕಳುಹಿಸಲಾಗುವುದಿಲ್ಲ. ಆದುದರಿಂದ ಮೊದಲೇ ತೆಗೆದಿಟ್ಟ ಚಿತ್ರಗಳ ದಾಸ್ತಾನಿನಿಂದ ಆರಿಸಿಕೊಳ್ಳುತ್ತಾರೆ. ಇದನ್ನೇ ಸ್ಟಾಕ್ ಫೋಟೋ ಎನ್ನುವುದು. ಮೈಸೂರಿನವರಾದ ಟಿ. ಎಸ್. ಸತ್ಯನ್ (1923–2009) ಅವರಂಥ ಹಿರಿಯ ಛಾಯಾಗ್ರಾಹಕರು ಕೆಲಸಕ್ಕೆ ತೊಡಗಿದ ಕಾಲದಲ್ಲಿ ದೂರದ ಪತ್ರಿಕೆಯ ಕಚೇರಿಗೆ ಚಿತ್ರವನ್ನು ಅಂಚೆಯಲ್ಲಿ ಕಳುಹಿಸಬೇಕಾಗಿತ್ತು. ಈಗ ಮಳವಳ್ಳಿಯ ಹುಡುಗನೂ ಮನೆಯ ಜಗಲಿಯಿಂದಲೇ ಚಿತ್ರವನ್ನು ನ್ಯೂಯಾರ್ಕಿಗೆ ಮುಟ್ಟಿಸಬಲ್ಲ. ಕೆನಡಾ ದೇಶದ ಕ್ಯಾಲ್ಗರಿಯಲ್ಲಿ 2000ದಲ್ಲಿ ಐಸ್ಟಾಕ್‌ಫೋಟೋ ಹುಟ್ಟಿತು. ನ್ಯೂಯಾರ್ಕಿನ ಜಾನ್ ಓರಿಂಗರ್ ಎಂಬಾತ 2003ರಲ್ಲಿ ತಾನೇ ತೆಗೆದ ಸುಮಾರು 30,000 ಚಿತ್ರಗಳನ್ನು ಬಂಡವಾಳವಾಗಿಟ್ಟುಕೊಂಡು ಷಟರ್‌ಸ್ಟಾಕ್ ತೆರೆದ. 2015ರಲ್ಲಿ ಅಡೋಬಿ ಸಂಸ್ಥೆಯೂ ಈ ವ್ಯಾಪಾರಕ್ಕೆ ಇಳಿಯಿತು.

ಇಲ್ಲಿ ಮಾರಾಟವಾಗುವುದು ಏನು? ಚಿತ್ರವಲ್ಲ, ಅದನ್ನು ಬಳಸುವ ಅನುಮತಿ ಮಾತ್ರ. ಎಳನೀರನ್ನು ಮದ್ದೂರಿನ ಮಾರುಕಟ್ಟೆಗೆ ಕಳುಹಿಸಿದ ಮೇಲೂ ಮರ ತೋಟದಲ್ಲಿಯೇ ಇರುತ್ತದಲ್ಲವೆ? ಹಾಗೆಯೇ ಚಿತ್ರ ನಿಮ್ಮದಾಗಿಯೇ ಉಳಿಯುತ್ತದೆ, ಒಂದೇ ಚಿತ್ರ ನೂರು ಜನಕ್ಕೆ ನೂರು ಬಾರಿ ಮಾರಾಟವಾಗಬಹುದು. ಈ ವ್ಯಾಪಾರದ ಆಕರ್ಷಣೆ ಇರುವುದು ಇಲ್ಲಿಯೇ. ಆದರೆ ಒಂದೊಂದು ಕಾಯಿಗೆ ಸಿಗುವ ಬೆಲೆ ಎಷ್ಟು ಎಂಬುದನ್ನೂ ನೋಡಬೇಕು.

ಅಡೋಬಿಯವರು ಫೋಟೋ ಮಾರಾಟದಲ್ಲಿ ನೂರಕ್ಕೆ 33 ಪಾಲನ್ನೂ ವಿಡಿಯೋ ಮಾರಾಟದಲ್ಲಿ 35 ಪಾಲನ್ನೂ ತೆಗೆದವನಿಗೆ ಕೊಡುತ್ತಾರೆ. ಷಟರ್‌ಸ್ಟಾಕಿನವರು 2020ರ ಜೂನಿನಲ್ಲಿ ಹೊಸ ಕ್ರಮ ತಂದರು. ಅದರಂತೆ ವರ್ಷದಲ್ಲಿ ಎಷ್ಟು ಮಾರಾಟವಾಯಿತೆಂಬುದನ್ನು ನೋಡಿಕೊಂಡು 15ರಿಂದ 40 ಪಾಲಿನವರೆಗೆ ಕೊಡುವುದು. ಜನವರಿ ಬಂತೆಂದರೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಯಬೇಕು. ತಿಂಗಳ ಚಂದಾದಾರರು ತೆಗೆದುಕೊಂಡ ಚಿತ್ರಕ್ಕೆ ಹತ್ತು ಸೆಂಟು ಮಾತ್ರ ಬರುವುದೂ ಉಂಟು. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಅದು ಎಂಟೂವರೆ ರೂಪಾಯಿ. ಖಾತೆಯಲ್ಲಿ 25 ಡಾಲರು ಕೂಡುವವರೆಗೆ ಹಣ ಕೈಗೆ ಬರುವುದಿಲ್ಲ. ಹತ್ತು ಸೆಂಟಿನ ಲೆಕ್ಕದಲ್ಲಿ ಅದಕ್ಕೆ 250 ಮಾರಾಟ ಆಗಬೇಕು. ಅರವತ್ತು ಸಾವಿರದ ಕ್ಯಾಮರಾ ತನ್ನ ಬೆಲೆಯನ್ನು ತಾನೇ ತೀರಿಸಬೇಕಾದರೆ ಏಳು ಸಾವಿರಕ್ಕೂ ಮೇಲ್ಪಟ್ಟ ಮಾರಾಟ ಆಗಬೇಕು! ಕೆಲವು ಮಾರಾಟಗಳಿಗೆ ಹೆಚ್ಚು ಬರುತ್ತದೆ, ನಿಜ. ಆದರೆ ಹಸುವನ್ನು ಮಾರುವವನು ಕಡಮೆಯ ಲೆಕ್ಕವನ್ನೇ ಮುಂದಿಟ್ಟುಕೊಳ್ಳಬೇಕು. ಡೇರಿಗೆ ಹಾಕಿದ ಹಾಲಿಗೆ ಹಣ ಖಂಡಿತ, ಚಿತ್ರಕ್ಕೆ ಹಾಗೆ ಖಂಡಿತವೆಂಬುದಿಲ್ಲ.

ಹಾಗಾದರೆ ಕೈಬಿಡಬೇಕೆ? ಹಾಗಲ್ಲ. ಹನಿಗೂಡಿದರೆ ಹಳ್ಳ. ನಾಲ್ಕು ಮೆಗಾಪಿಕ್ಸೆಲ್ಲಿಗೆ ಕಡಮೆಯಿಲ್ಲದ ಸ್ಫುಟವಾದ ಚಿತ್ರವಾದರೆ ಸಾಕು, ಕೈಯಲ್ಲಿರುವ ಒಳ್ಳೆಯ ಫೋನಿನಿಂದಲೇ ಮೊದಲು ಮಾಡಬಹುದು. ವಿಡಿಯೋ ತುಣುಕಾದರೆ ಐದರಿಂದ ಅರವತ್ತು ಸೆಕೆಂಡಿನದು ಇರಬೇಕು. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಕೇಳಿಸಬಾರದು, ಆ ಹಾಡು ಇನ್ನೊಬ್ಬರ ಸ್ವತ್ತು. ಖಾತೆ ತೆರೆಯಲು ಹದಿನೆಂಟು ವರ್ಷ ತುಂಬಿರಬೇಕು.

ಸೂರ್ಯಾಸ್ತ, ಗುಲಾಬಿ ಹೂ, ಕಾಫಿ ಲೋಟ ಇವು ಆ ಭಂಡಾರಗಳಲ್ಲಿ ಲೆಕ್ಕವಿಲ್ಲದಷ್ಟು ಬಿದ್ದಿವೆ. ನಮ್ಮಲ್ಲಿರುವುದು ಎಲ್ಲರಲ್ಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಹಾಲು ಕುದಿದು, ಪಾಕವಾಗಿ, ಅಚ್ಚಿಗೆ ಇಳಿದು ಬೆಲ್ಲವಾಗುವವರೆಗಿನ ಒಂದೊಂದು ಹಂತ, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತದ ನಾಟಿ, ಶಿವನಸಮುದ್ರದ ಗಗನಚುಕ್ಕಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಣ ಮರಗಳ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳು. ಆ ಊರಿನವರು ತಲೆಮಾರುಗಳಿಂದ ಹಕ್ಕಿಗಳನ್ನು ಕಾಪಾಡಿಕೊಂಡು ಬಂದರು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಚಿತ್ರದ ಆಸೆಗೆ ಗೂಡಿನ ಹತ್ತಿರ ಹೋಗಿ ಹಕ್ಕಿಯನ್ನು ಎಬ್ಬಿಸುವುದು ಆ ಊರಿಗೆ ಬಗೆಯುವ ದ್ರೋಹ.

ಇಲ್ಲಿ ಭಾಷೆಯ ಮೇಷ್ಟ್ರು ಹೇಳುವ ಮಾತೊಂದುಂಟು. ಕೊಳ್ಳುವವನು ಚಿತ್ರವನ್ನು ಕಣ್ಣಿನಿಂದ ಹುಡುಕುವ ಮೊದಲು ಶಬ್ದದಿಂದ ಹುಡುಕುತ್ತಾನೆ. ಪ್ರತಿಯೊಂದು ಚಿತ್ರಕ್ಕೂ ಇಂಗ್ಲಿಷಿನಲ್ಲಿ ಹೆಸರೂ ಹುಡುಕುಪದಗಳೂ ಬೇಕು. ಬಣ್ಣದ ಕೊಕ್ಕರೆಗೂ ಹೆಜ್ಜಾರ್ಲೆಗೂ ಭೇದ ತಿಳಿಯದೆ ಬರಿಯ "ಹಕ್ಕಿ" ಎಂದು ಬರೆದರೆ ಆ ಚಿತ್ರ ರಾಶಿಯಲ್ಲಿ ಹೂತುಹೋದಂತೆಯೇ. ವಸ್ತುವಿನ ಸರಿಯಾದ ಹೆಸರು, ಊರು, ಕಾಲ, ಕ್ರಿಯೆ ಇವನ್ನು ಬರೆಯಬಲ್ಲವನ ಚಿತ್ರ ಹುಡುಕುವವನ ಕಣ್ಣಿಗೆ ಬೀಳುತ್ತದೆ. ಭಾಷೆ ಅನ್ನ ಕೊಡುತ್ತದೆಯೆ ಎಂದು ಕೇಳುವ ಹುಡುಗರಿಗೆ ಇದೂ ಒಂದು ಉತ್ತರ.

ಈಗ ಹಣಕ್ಕಿಂತ ದೊಡ್ಡ ಮಾತು. ಗುರುತು ಹತ್ತುವಂಥ ಮುಖ ಇರುವ ಚಿತ್ರವನ್ನು ಜಾಹೀರಾತಿಗೆ ಮಾರಬೇಕಾದರೆ ಆ ವ್ಯಕ್ತಿಯ ಸಹಿ ಪಡೆದ ಒಪ್ಪಿಗೆಪತ್ರ ಬೇಕು. ಮಕ್ಕಳಾದರೆ ತಂದೆ ತಾಯಿಯ ಸಹಿ ಬೇಕು. ಒಪ್ಪಿಗೆಯಿಲ್ಲದ ಚಿತ್ರವನ್ನು ಸುದ್ದಿ, ಲೇಖನಗಳ ವಿಭಾಗಕ್ಕೆ ಮಾತ್ರ ಸಲ್ಲಿಸಬಹುದು. ಸಹಿ ಎಂಬುದು ಬರಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಶಾಸ್ತ್ರವಾಗಬಾರದು. ಒಮ್ಮೆ ಮಾರಿದ ಮುಖ ಯಾವ ದೇಶದ ಯಾವ ಔಷಧದ, ಯಾವ ಸಾಲದ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದೋ ತೆಗೆದವನೂ ಬಲ್ಲವನಲ್ಲ. ಅದನ್ನು ಬಾಯಿಬಿಟ್ಟು ಹೇಳಿಯೇ ಸಹಿ ಕೇಳಬೇಕು.

ಮಂಡ್ಯದ ಸ್ಟುಡಿಯೋದವರಿಗೆ ಒಂದು ಎಚ್ಚರಿಕೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ನೀವು ತೆಗೆದ ಮದುವೆಯ ಚಿತ್ರ ಎಷ್ಟೇ ಚೆಲುವಾಗಿದ್ದರೂ ಮದುವೆ ಮನೆಯವರ ಕರಾರಿಲ್ಲದೆ ಮಾರುವಂತಿಲ್ಲ. ಇನ್ನು ತೆರಿಗೆ. ಅಮೆರಿಕದ ಗಿರಾಕಿಗಳಿಂದ ಬರುವ ಪಾಲಿನಲ್ಲಿ ಅಲ್ಲಿಯ ಸರ್ಕಾರದ ತೆರಿಗೆ ಹಿಡಿಯುತ್ತಾರೆ; ನಮ್ಮ ದೇಶದೊಡನೆ ಇರುವ ಒಪ್ಪಂದದ ಪ್ರಕಾರ ಅರ್ಜಿ ತುಂಬಿ ಕೊಟ್ಟರೆ ಅದು ನೂರಕ್ಕೆ 30ರ ಬದಲು 15ಕ್ಕೆ ಇಳಿಯುತ್ತದೆ. ಇಲ್ಲಿಯ ವರಮಾನದ ಲೆಕ್ಕದಲ್ಲಿಯೂ ಈ ಹಣವನ್ನು ತೋರಿಸಬೇಕು.

ಇನ್ನೊಂದು ಬದಲಾವಣೆಯೂ ಆಗಿದೆ. ಕೃತಕ ಬುದ್ಧಿಯ ಯಂತ್ರಕ್ಕೆ ಒಂದು ವಾಕ್ಯ ಹೇಳಿದರೆ ಅದೇ ಚಿತ್ರ ರಚಿಸಿಕೊಡುತ್ತದೆ. ಅಂಥವನ್ನು ಅಡೋಬಿಯವರು 2022ರ ಡಿಸೆಂಬರಿನಿಂದ ತಮ್ಮ ಭಂಡಾರಕ್ಕೆ ಸೇರಿಸಿಕೊಳ್ಳುತ್ತಿದ್ದಾರೆ. ಸಾಮಾನ್ಯ ಚಿತ್ರಗಳ ಬೆಲೆಗೆ ಇದರಿಂದ ಪೆಟ್ಟು ಬಿದ್ದೇ ಬೀಳುತ್ತದೆ. ಆದರೆ ಯಂತ್ರ ಆಲೆಮನೆಯ ಮುಂದೆ ನಿಂತದ್ದಲ್ಲ. ಇಂಥ ಊರಿನ, ಇಂಥ ದಿನದ ನಿಜವಾದ ಚಿತ್ರ ಬೇಕೆನ್ನುವವನಿಗೆ ಅಲ್ಲಿ ನಿಂತು ನೋಡಿದವನೇ ಬೇಕು. ಆದುದರಿಂದ ಸತ್ಯವೇ ನಮ್ಮ ಬಂಡವಾಳ.

ಎರಡು ವಾರ ಕಳೆದು ಹುಡುಗ ತಂದೆಯನ್ನೂ ಕರೆದುಕೊಂಡು ಬಂದ. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಹಸು ಕೊಟ್ಟಿಗೆಯಲ್ಲಿಯೇ ಉಳಿಯಿತು. ಅವನು ಫೋನಿನಲ್ಲಿಯೇ ಸುತ್ತಿನ ಆಲೆಮನೆಗಳ ಚಿತ್ರ ತೆಗೆಯತೊಡಗಿದ. ಪಾಕ ನೋಡುವ ಒಬ್ಬ ಹಿರಿಯರ ಮುಖ, ಒಲೆಯ ಬೆಳಕಿನಲ್ಲಿ ತೆಗೆದದ್ದು, ಅವನ ಚಿತ್ರಗಳಲ್ಲೆಲ್ಲ ಶ್ರೇಷ್ಠವಾಗಿತ್ತು. ಅವರ ಬಳಿ ಕುಳಿತು ಎಲ್ಲವನ್ನೂ ಹೇಳಿ ಸಹಿ ಕೇಳಿದನಂತೆ. "ಎಲ್ಲಿಗೆ ಹೋಗುತ್ತೆ ಅಂತ ನಿಂಗೇ ಗೊತ್ತಿಲ್ಲ ಅಂದ್ಮೇಲೆ ಬ್ಯಾಡ ಕಣಪ್ಪ, ನನ್ನ ಮೊಕ ಇಲ್ಲೇ ಇರ್ಲಿ" ಎಂದರಂತೆ ಅವರು. ಹುಡುಗ ಆ ಚಿತ್ರವನ್ನು ಮಾರಲಿಲ್ಲ. ಅಚ್ಚು ಹಾಕಿಸಿ ಅವರಿಗೇ ಕೊಟ್ಟು ಬಂದ.

ಹನ್ನೊಂದು ತಿಂಗಳ ಮೇಲೆ ಅವನ ಖಾತೆಯಲ್ಲಿ ಮೊದಲ 25 ಡಾಲರು ಕೂಡಿತು. ಲಕ್ಷವಲ್ಲ, ಎರಡು ಸಾವಿರ ಚಿಲ್ಲರೆ. ಅದನ್ನು ನನಗೆ ಹೇಳಲು ಬಂದಾಗ ಮನೆಯ ಹಸುವಿನ ಹಾಲನ್ನೂ ಒಂದು ತಂಬಿಗೆಯಲ್ಲಿ ತಂದಿದ್ದ.